ದೊಡ್ಡಿಯ ದುಭಾಷಿ

ಹೊವಿತಾ ಸಾಂದೊವಾಲ್‌ಗೆ ಹುಟ್ಟಿದಾಗಿನಿಂದಲೂ ಹೇಸಿಗೆ ಜಾಸ್ತಿ. ಬೇರೆಯವರು ಬಾಯಿಟ್ಟ ಲೋಟವನ್ನು ಮುಟ್ಟುತ್ತಿರಲಿಲ್ಲ. ಮದುವೆಮನೆಯಲ್ಲಿ ಬೀನ್ಸಿನ ಹಂಡೆಗೆ ಹತ್ತು ಜನ ಒಂದೇ ಸೌಟು ಅದ್ದುವುದನ್ನು ಕಂಡರೆ ತಟ್ಟೆ ಕೆಳಗಿಟ್ಟು ಎದ್ದುಬಿಡುತ್ತಿದ್ದಳು. ಕಲ್ಲಂಗಡಿ ಹೊಲಗಳಲ್ಲಿ ಕೂಲಿ ಮಾಡಿ ಎಂಟು ಮಕ್ಕಳನ್ನು ಸಾಕಿದ ಅವಳ ಅವ್ವ, "ಇವಳು ಯಾವುದೋ ರಾಣಿ ಹೊಟ್ಟೇಲಿ ಹುಟ್ಟಬೇಕಿತ್ತು, ದಾರಿ ತಪ್ಪಿ ನನ್ನ ಹೊಟ್ಟೆಗೆ ಬಂದ್ಲು" ಎಂದು ನೆರೆಯವರ ಮುಂದೆ ಹೇಳಿಕೊಂಡು ನಗುತ್ತಿದ್ದಳು. ಮುಂದೆ ಆ ಹೇಸಿಗೆಯೇ ಅವಳ ಬದುಕಿನ ದಿಕ್ಕು ತಿರುಗಿಸುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಅವಳ ಊರು ಸಾನ್ ಪೆರ್ಫೆಕ್ತೊ. ಟೆಕ್ಸಸ್ಸಿನ ದಕ್ಷಿಣದ ಅಂಚಿನಲ್ಲಿ, ಗಡಿಯ ನದಿಯಿಂದ ನಲವತ್ತು ಮೈಲಿ ಈಚೆಗಿದೆ. ಈರುಳ್ಳಿ, ಕಲ್ಲಂಗಡಿ, ಜಾಲಿ, ಧೂಳು. ಊರ ಹೊರಗೆ ಮೊದಲು ದನದ ಹರಾಜು ನಡೆಯುತ್ತಿದ್ದ ಬಯಲಿನಲ್ಲಿ, ಹೊವಿತಾಳ ಮದುವೆಯಾದ ವರ್ಷ, ಕಿಟಕಿಯಿಲ್ಲದ ಉದ್ದನೆಯ ಕಟ್ಟಡ ಎದ್ದಿತು. ಗಡೀಪಾರಿನ ಮೊಕದ್ದಮೆ ನಡೆಯುತ್ತಿರುವ ವಲಸಿಗರನ್ನು ಕೂಡಿಡುವ ಜಾಗ. ಗೇಟಿನ ಮೇಲೆ ಉದ್ದದ ಇಂಗ್ಲಿಷ್ ಹೆಸರಿದ್ದರೂ ಊರವರ ಬಾಯಲ್ಲಿ ಅದು ಹಳೆಯ ಹೆಸರಿನಲ್ಲೇ ಉಳಿಯಿತು: ದೊಡ್ಡಿ. ಒಳಗೆ ಸಾವಿರದಿನ್ನೂರು ಜನ. ಅವರ ಅಡುಗೆ, ಬಟ್ಟೆ, ಬೀಗ, ಔಷಧಿ ಎಲ್ಲಕ್ಕೂ ಊರವರೇ ಕೆಲಸಕ್ಕೆ. ಹೊವಿತಾಳ ಗಂಡ ಕೂಕೊ ಅಲ್ಲಿ ಏಸಿ ರಿಪೇರಿ ಮಾಡುತ್ತಿದ್ದ. ಹೊವಿತಾ ದೊಡ್ಡಿಯೊಳಗಿನ ಕೋರ್ಟಿನಲ್ಲಿ ಸ್ಪ್ಯಾನಿಷ್ ದುಭಾಷಿಯಾಗಿದ್ದಳು.

ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಅಂಗೈ ಮೇಲೆ ರೂಲುದೊಣ್ಣೆಯ ಏಟು ತಿಂದವಳು ಅವಳು. ಅದೇ ಸ್ಪ್ಯಾನಿಷ್ ಈಗ ಅನ್ನ ಕೊಡುತ್ತಿತ್ತು, ಮಗಳು ನೆರೈದಾಳನ್ನು ನರ್ಸಿಂಗ್ ಓದಿಸುತ್ತಿತ್ತು. ಹದಿನೈದು ವರ್ಷ ಆ ಕೆಲಸ ಮಾಡಿದಳು. ಅವಳಷ್ಟು ವೇಗವಾಗಿ, ಒಂದು ಪದವನ್ನೂ ಬಿಡದೆ ಎರಡು ಕಡೆಗೂ ದಾಟಿಸುವವರು ಆ ಜಿಲ್ಲೆಯಲ್ಲೇ ಇಲ್ಲವೆಂದು ಹೆಸರಿತ್ತು. ಆ ಹೆಸರಿನ ಬಗ್ಗೆ ಅವಳಿಗೂ ಒಳಗೊಳಗೇ ಜಂಬ.

ಕೋರ್ಟು ಬೆಳಿಗ್ಗೆ ಎಂಟೂವರೆಗೆ. ನೀಲಿ ಸಮವಸ್ತ್ರದ ಗಂಡಸರನ್ನು ಸಾಲಾಗಿ ಕೂರಿಸುತ್ತಿದ್ದರು. ಒಂದು ಮೇಜಿಗೆ ಸರ್ಕಾರದ ಲಾಯರು. ಎದುರಿನ ಮೇಜಿಗೆ ಸಾಲಿನಿಂದ ಒಬ್ಬೊಬ್ಬರಾಗಿ ಎದ್ದು ಬಂದು ಕೂರುವವರು. ಅವರಿಗೆ ಲಾಯರಿರಲಿಲ್ಲ. "ಲಾಯರ್ ಇಟ್ಟುಕೊಳ್ಳುವ ಹಕ್ಕು ನಿಮಗಿದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ" ಎಂಬ ವಾಕ್ಯವನ್ನು ಹೊವಿತಾ ಅದೆಷ್ಟು ಸಾವಿರ ಸಲ ಹೇಳಿದ್ದಳೆಂದರೆ, ನಿದ್ದೆಯಲ್ಲೂ ಅದನ್ನೇ ಕನವರಿಸುತ್ತಾಳೆಂದು ಕೂಕೊ ಹಾಸ್ಯ ಮಾಡುತ್ತಿದ್ದ. ನ್ಯಾಯಾಧೀಶ ಕೆಟ್ಟವನೇನಲ್ಲ. ಬೈಯುತ್ತಿರಲಿಲ್ಲ, ಗದರುತ್ತಿರಲಿಲ್ಲ. ಪಟ್ಟಿ ಮುಗಿಯಬೇಕು, ಅಷ್ಟೆ. ತಲೆಗೆ ನಾಲ್ಕು ನಿಮಿಷ.

ಒಂದು ದಿನ ಆ ಕುರ್ಚಿಗೆ ಗ್ವಾಟೆಮಾಲಾದ ಬೆಟ್ಟದ ಸೀಮೆಯ ಎಸ್ತೆಬಾನ್ ಆಗುಸ್ತಿನ್ ಎಂಬವನು ಬಂದು ಕೂತ. ಕುಳ್ಳ ಮನುಷ್ಯ, ಪಾದ ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಹೆಸರು ಕೇಳಿದರೆ "ಸೀ" ಅಂದ. ಹೌದು ಅಂತ. ಹಕ್ಕುಗಳು ಅರ್ಥವಾದವೇ ಎಂದರೆ ಸೀ. ಲಾಯರಿದ್ದಾನೆಯೇ ಎಂದರೆ ಸೀ. ಎಲ್ಲಿ ಎಂದರೂ ಸೀ.

ನ್ಯಾಯಾಧೀಶ ಕನ್ನಡಕ ಸರಿಮಾಡಿಕೊಂಡು ಮುಂದಿನ ಪ್ರಶ್ನೆ ಹಾಕಿದ. ಹೊವಿತಾ ದಾಟಿಸಿದಳು: "ಲಾಯರ್ ಹುಡುಕೋಕೆ ಇನ್ನೂ ಟೈಮ್ ಬೇಕಾ, ಇಲ್ಲಾ ಇವತ್ತೇ ಮುಗಿಸಿಬಿಡ್ತೀರಾ?"

"ಸೀ."

"ಯಾವುದಕ್ಕೆ?"

"ಸೀ, ಸೀನ್ಯೋರಾ." ಹೌದಮ್ಮಾ ಅಂತ.

ಪ್ರಶ್ನೆಯನ್ನು ಬಿಡಿಸಿ ಕೇಳಲು ನ್ಯಾಯಾಧೀಶ ಹೇಳಿದ. ಇವತ್ತೇ ಮುಗಿಸೋಣವೇ ಎಂದಳು. ಸೀ. ಮೇಲಿನ ಕೋರ್ಟಿಗೆ ಹೋಗುವ ಹಕ್ಕು ಬಿಡುತ್ತೀರಾ ಎಂದಳು. ಅದಕ್ಕೂ ಸೀ. ಗಡೀಪಾರಿನ ಆಜ್ಞೆಗೆ ಸಹಿ ಬಿತ್ತು. ಎಸ್ತೆಬಾನ್ ಎದ್ದು ಹೋಗುವಾಗ ಅವಳ ಕಡೆ ತಿರುಗಿ, ಮೆಲುದನಿಯಲ್ಲಿ, ತನ್ನ ಭಾಷೆಯಲ್ಲಿ ಏನನ್ನೋ ಕೇಳಿದ. ಅದು ಸ್ಪ್ಯಾನಿಷ್ ಅಲ್ಲ. ದೊಡ್ಡಿಯ ಓಣಿಗಳಲ್ಲಿ ಆ ಭಾಷೆ ಅವಳ ಕಿವಿಗೆ ಬಿದ್ದಿತ್ತು, ಅದರ ಹೆಸರು ಮಾಮ್ ಎಂಬುದೂ ಗೊತ್ತಿತ್ತು. ಆ ಮನುಷ್ಯನಿಗೆ ಸ್ಪ್ಯಾನಿಷ್ ಬರುವುದಿಲ್ಲ ಎಂಬುದು ಮೂರನೆಯ "ಸೀ"ಗೇ ಅವಳಿಗೆ ತಿಳಿದುಹೋಗಿತ್ತು.

ಅಂಥ ಹೊತ್ತಿನಲ್ಲಿ ಹೇಳಲೆಂದೇ ದುಭಾಷಿಗೆ ಒಂದು ವಾಕ್ಯವಿದೆ: "ಇವರಿಗೆ ಈ ಭಾಷೆ ಅರ್ಥವಾಗುತ್ತಿಲ್ಲವೆಂದು ದುಭಾಷಿಗೆ ಅನುಮಾನ." ಹದಿನೈದು ವರ್ಷದಲ್ಲಿ ಅವಳದನ್ನು ಆರೇಳು ಸಲ ಹೇಳಿದ್ದಿರಬಹುದು. ಹೇಳಿದಾಗಲೆಲ್ಲ ನ್ಯಾಯಾಧೀಶನ ಮುಖ ಗಂಟಾಗುತ್ತಿತ್ತು, ಸಂಜೆ ಕೋರ್ಟಿಗೆ ದುಭಾಷಿಗಳನ್ನು ಒದಗಿಸುವ ಗುತ್ತಿಗೆ ಕಂಪನಿಯವರು ಫೋನು ಮಾಡಿ ಕೇಸು ಯಾಕೆ ಮುಂದಕ್ಕೆ ಹೋಯಿತೆಂದು ಕೇಳುತ್ತಿದ್ದರು. ಅವತ್ತು ಪಟ್ಟಿಯಲ್ಲಿ ಇನ್ನೂ ಇಪ್ಪತ್ತೆರಡು ಜನ ಇದ್ದರು. ಅವಳು ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಕೋರ್ಟಿನ ಗುಮಾಸ್ತೆಯ ಹುಟ್ಟುಹಬ್ಬ. ನೀಲಿ ಕೆನೆ ಬಳಿದ ಕೇಕು. ಹೊವಿತಾಳೂ ಒಂದು ತುಂಡು ತಿಂದಳು. ಮನೆಗೆ ಹೋಗಿ ಮುಖ ತೊಳೆಯುವಾಗ ಕನ್ನಡಿಯಲ್ಲಿ ನೋಡಿದರೆ ನಾಲಿಗೆ ಕಡುನೀಲಿ. ಎಸ್ತೆಬಾನ್‌ನ ಅಂಗಿಯ ಬಣ್ಣ. ಉಜ್ಜಿದಳು, ವಸಡಿನಲ್ಲಿ ರಕ್ತ ಬರುವವರೆಗೆ ಉಜ್ಜಿದಳು. ಬೇರೆಯವರ ಎಂಜಲಿಗೆ ಇಷ್ಟು ವರ್ಷ ಹೇಸಿಕೊಂಡವಳಿಗೆ ಅವತ್ತು ತನ್ನ ಬಾಯಿಯ ಮೇಲೆಯೇ ವಾಕರಿಕೆ ಬಂತು.

ಕೂಕೊಗೆ ಹೇಳಿಕೊಂಡಳು. ಅವನು ಬೂಟಿನ ಲಾಡಿ ಬಿಚ್ಚುತ್ತ, "ನೀನೇನು ಜಡ್ಜಾ? ಅವನು ಹೇಳಿದ್ದನ್ನ ನೀನು ಹೇಳ್ದೆ. ನಾನು ಏಸಿ ಎಷ್ಟು ತಣ್ಣಗಿಡು ಅಂದ್ರೆ ಅಷ್ಟಕ್ಕೆ ಇಡ್ತೀನಿ. ಒಳಗಿರೋರು ಚಳೀಲಿ ನಡುಗ್ತಾರೆ ಅಂತ ನಾನು ನಿದ್ದೆ ಬಿಡ್ಲಾ?" ಎಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಅವಳಿಗೆ ಸಮಾಧಾನ ಮಾಡಲೆಂದೇ ಹೇಳಿದ್ದ. ಅವಳು ಎದ್ದು ಹೋಗಿ ಮತ್ತೊಮ್ಮೆ ಬಾಯಿ ತೊಳೆದಳು.

ಹೊವಿತಾ ಮರುದಿನವೇ ಕೆಲಸ ಬಿಟ್ಟು ಬಂದಳೆಂದು ಊರಲ್ಲಿ ಕೆಲವರು ಹೇಳುವುದುಂಟು. ಹಾಗೇನೂ ಆಗಲಿಲ್ಲ. ನಾಲ್ಕು ತಿಂಗಳು ಅದೇ ಕುರ್ಚಿಯಲ್ಲಿ ಕೂತಿದ್ದಳು. ಆದರೆ ಆ ಅನುಮಾನದ ವಾಕ್ಯವನ್ನು ಬೇಕಾದ ಕಡೆಯೆಲ್ಲ ಹೇಳತೊಡಗಿದಳು. ಕೊನೆಗೊಂದು ವಾರ ಐದು ಸಲ ಹೇಳಿದಳು. ಮುಂದಿನ ವಾರದಿಂದ ಗುತ್ತಿಗೆ ಕಂಪನಿಯವರು ಕೆಲಸಕ್ಕೆ ಕರೆಯುವ ಫೋನು ಬರುವುದು ನಿಂತುಹೋಯಿತು. ಯಾರೂ ತೆಗೆದುಹಾಕಲಿಲ್ಲ, ಯಾರೂ ಬೈಯಲಿಲ್ಲ. ಫೋನು ಬರಲಿಲ್ಲ, ಅಷ್ಟೆ.

ಊರಿನಲ್ಲಿ ಮುಚ್ಚಿಹೋಗಿದ್ದ ಟೈರ್ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಹ್ಯಾರಿಯೆಟ್ ಪ್ರುವಿಟ್ ಎಂಬ ಎಪ್ಪತ್ತು ವರ್ಷದ ಲಾಯರಮ್ಮ ಒಂದು ಉಚಿತ ಕಾನೂನು ನೆರವಿನ ಕಚೇರಿ ನಡೆಸುತ್ತಿದ್ದಳು. ದೊಡ್ಡಿಯ ಸಾವಿರದಿನ್ನೂರು ಜನಕ್ಕೆ ಬಿಟ್ಟಿಯಾಗಿ ಸಿಗುವ ವಕೀಲೆ ಅವಳೊಬ್ಬಳೇ. ಎಲ್ಲರ ಪರವಾಗಿ ನಿಲ್ಲುವುದು ಆಗದ ಮಾತು. ಹಾಗಾಗಿ ಪ್ರತಿ ಮಂಗಳವಾರ ದೊಡ್ಡಿಯ ಊಟದ ಹಾಲಿಗೆ ಹೋಗಿ, ಲಾಯರಿಲ್ಲದೆ ತಾನೇ ನಿಂತು ಮಾತಾಡುವುದು ಹೇಗೆ, ಯಾವ ಪ್ರಶ್ನೆಗೆ ಏನು ಅರ್ಥ, ಯಾವ ಕಾಗದಕ್ಕೆ ಸಹಿ ಹಾಕಬಾರದು ಎಂದು ಪಾಠ ಹೇಳುತ್ತಿದ್ದಳು. ಅವಳ ಸ್ಪ್ಯಾನಿಷ್ ಕೇಳಿದರೆ ನಗು ಬರುತ್ತಿತ್ತು. ಹೊವಿತಾ ಕೆಲಸ ಕೇಳಿಕೊಂಡು ಹೋದಾಗ ಪ್ರುವಿಟ್ ಜಗಿಯುತ್ತಿದ್ದ ಚೂಯಿಂಗ್ ಗಮ್ಮನ್ನು ತೆಗೆದು ಮೇಜಿನ ಅಡಿಗೆ ಅಂಟಿಸಿ, ಕೈಕುಲುಕಲು ಅದೇ ಕೈ ಚಾಚಿದಳು. ಹೊವಿತಾ ಕಣ್ಣು ಮುಚ್ಚಿಕೊಂಡು ಆ ಕೈ ಹಿಡಿದಳು. ಮಾರನೆಯ ದಿನ ಬರುವಾಗ ಒಂದು ಕೆರೆಯುವ ಸಲಾಕೆ ತಂದು ಮೇಜಿನ ಅಡಿಯನ್ನೆಲ್ಲ ಕೆರೆದು ಹಾಕಿದ ಮೇಲೆಯೇ ಕೂತದ್ದು.

ಅಲ್ಲಿ ಅವಳು ಮೊದಲು ಮಾಡಿದ ಕೆಲಸ ಎಸ್ತೆಬಾನ್ ಆಗುಸ್ತಿನ್‌ನನ್ನು ಹುಡುಕಿದ್ದು. ಈರುಳ್ಳಿ ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದ ಎಲ್ಲರೂ ಗೌರವದಿಂದ ದೋನ್ಯಾ ಮಿಕಾಯೆಲಾ ಎನ್ನುವ ಮುದುಕಿಗೆ ಮಾಮ್ ಬರುತ್ತಿತ್ತು. ಅವಳ ಕಡೆಯಿಂದ ಅವನ ಹಳ್ಳಿಗೆ ಫೋನು ಹಚ್ಚಿಸಿ, ಹನ್ನೆರಡು ದಿನ ಬೆನ್ನುಬಿದ್ದು, ಕೊನೆಗೆ ಅವನು ಸಿಕ್ಕಿದ. ಮಿಕಾಯೆಲಾ ಎಲ್ಲವನ್ನೂ ವಿವರಿಸಿದಳು: ಕೋರ್ಟಿನಲ್ಲಿ ನಿನ್ನ ಜೊತೆ ಮಾತಾಡಿದ ಹೆಂಗಸು ಇವಳು, ತಪ್ಪಾಯಿತು ಅನ್ನುತ್ತಾಳೆ. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಮಿಕಾಯೆಲಾ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದಳು: "ಯಾವ ಹೆಂಗಸು ಅಂತ ಗೊತ್ತಿಲ್ವಂತೆ. ಅಲ್ಲಿ ಎಲ್ಲರೂ ಅವನ ಹತ್ರ ಮಾತಾಡ್ತಿದ್ರಂತೆ. ತನಗಿಂತ ಮೊದಲು ಹೋದವನು ಸೀ ಅಂದಾಗ ಸುಮ್ನೆ ಕೂರಿಸಿದ್ರಂತೆ, ಅದಕ್ಕೇ ತಾನೂ ಅಂದನಂತೆ. ಮತ್ತೆ, ಅವನ ಟೋಪಿ ಅಲ್ಲೇ ಉಳೀತಂತೆ. ಸಿಗುತ್ತಾ ಅಂತ ಕೇಳ್ತಿದಾನೆ."

ಟೋಪಿ ಸಿಗಲಿಲ್ಲ. ದೊಡ್ಡಿಯ ಉಗ್ರಾಣದಲ್ಲಿ ಮೂವತ್ತು ದಿನವಾದ ಸಾಮಾನನ್ನೆಲ್ಲ ಸುಟ್ಟುಬಿಡುತ್ತಿದ್ದರು.

ಎರಡು ವರ್ಷ ಪ್ರುವಿಟ್‌ನ ಕೈಕೆಳಗೆ ಹೊವಿತಾ ಕಾನೂನು ಓದಿದಳು. ಐವತ್ತು ದಾಟಿದ ತಲೆಗೆ ಕಲಮುಗಳು ಹತ್ತುತ್ತಿರಲಿಲ್ಲ. ಅಡುಗೆಮನೆ ಗೋಡೆಗೆ ಚೀಟಿ ಅಂಟಿಸಿ, ರೊಟ್ಟಿ ತಟ್ಟುತ್ತ ಬಾಯಿಪಾಠ ಮಾಡಿದಳು. ಆಮೇಲೆ ಸರ್ಕಾರದಿಂದ ಅನುಮತಿಪತ್ರ ಬಂತು: ಲಾಯರಲ್ಲದಿದ್ದರೂ, ಈ ನೆರವು ಕಚೇರಿಯ ಪರವಾಗಿ, ವಲಸೆ ಕೋರ್ಟಿನಲ್ಲಿ ಇನ್ನೊಬ್ಬರಿಗಾಗಿ ನಿಂತು ವಾದಿಸಬಹುದು.

ಅವಳ ಮೂರನೆಯ ಕೇಸು ಕತರೀನಾ ಹೆರೊನಿಮೊ. ಇಪ್ಪತ್ತಾರು ವರ್ಷದ ವಿಧವೆ, ಮಾಮ್ ಮಾತಾಡುವವಳು. ರಸ್ತೆಯಲ್ಲಿ ಪೊಲೀಸರು ಕಾರು ತಡೆದಾಗ ಸಿಕ್ಕಿಬಿದ್ದು ದೊಡ್ಡಿಗೆ ಬಂದಿದ್ದಳು. ಅದಕ್ಕೆ ಮೊದಲೇ ಯಾರೋ ಅವಳ ಹೆಸರಿನಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿಸಿದ್ದರು. ಆ ಅರ್ಜಿಯಲ್ಲಿ, ರಾಜಧಾನಿಯಲ್ಲಿ ಚುನಾವಣಾ ಪ್ರಚಾರ ಮಾಡುವಾಗ ವಿರೋಧ ಪಕ್ಷದವರು ತನ್ನನ್ನು ಹೊಡೆದರೆಂದು ಬರೆದಿತ್ತು. ದೋನ್ಯಾ ಮಿಕಾಯೆಲಾ ಅದನ್ನು ಮಾಮ್‌ನಲ್ಲಿ ಓದಿ ಹೇಳಿದಾಗ ಕತರೀನಾ ಬಿಟ್ಟ ಕಣ್ಣು ಬಿಟ್ಟಂತೆ ಕೂತಳು. ರಾಜಧಾನಿಯನ್ನು ಅವಳು ನೋಡಿಯೇ ಇರಲಿಲ್ಲ. ಗಂಡ ಸತ್ತ ಮೇಲೆ ಅವನ ಅಣ್ಣ, ಹಳ್ಳಿಯ ಕೋವಿ ಪಡೆಯ ಮುಖ್ಯಸ್ಥ, ಅವಳನ್ನು ತನ್ನ ಸೊತ್ತೆಂದು ಎಳೆದುಕೊಂಡು ಹೋಗಿದ್ದ. ಓಡಿಹೋಗಲು ನೋಡಿದ್ದಕ್ಕೆ, ಜೋಳ ಬೇಯಿಸುವ ಸುಣ್ಣದ ನೀರನ್ನು ಕುದಿಕುದಿಯುತ್ತಿರುವಾಗಲೇ ಬೆನ್ನ ಮೇಲೆ ಸುರಿದಿದ್ದ. ಕತ್ತಿನಿಂದ ಸೊಂಟದವರೆಗೆ ಚರ್ಮ ಸುಕ್ಕುಗಟ್ಟಿ ಹೋಗಿತ್ತು. ಅರ್ಜಿಯಲ್ಲಿ ಆ ಬೆನ್ನಿನ ಬಗ್ಗೆ ಒಂದಕ್ಷರವಿರಲಿಲ್ಲ.

ಅರ್ಜಿ ಬರೆದವರ ಹೆಸರಿನ ಜಾಗ ಖಾಲಿಯಿತ್ತು. ಆದರೆ ಆ ಬರವಣಿಗೆಯನ್ನು ಹೊವಿತಾ ಮೊದಲೂ ನೋಡಿದ್ದಳು. ಕಚೇರಿಯ ಕಡತದಲ್ಲಿದ್ದ, ಹೋದ ವರ್ಷ ಗಡೀಪಾರಾದ ಒಬ್ಬ ಗಂಡಸಿನ ಅರ್ಜಿಯಲ್ಲೂ ಇದೇ ಕತೆ, ಇದೇ ಪಕ್ಷ, ರಾಜಧಾನಿಯ ಹೆಸರಿನಲ್ಲಿ ಇದೇ ಕಾಗುಣಿತದ ತಪ್ಪು. ಅವನ ಅರ್ಜಿಯಲ್ಲಿ "ಆಗ ನಾನು ಏಳು ತಿಂಗಳ ಬಸುರಿ" ಎಂದಿತ್ತು. ಕೋರ್ಟಿನಲ್ಲಿ ಸರ್ಕಾರದ ಲಾಯರು ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿಸಿದ್ದ. ಅವನು ಸುಳ್ಳುಗಾರನೆಂದು ನ್ಯಾಯಾಧೀಶ ತೀರ್ಪು ಕೊಟ್ಟಿದ್ದ.

ಕತರೀನಾಳ ಅರ್ಜಿ ಬರೆಸಿದ್ದು ಎಲ್ಲಿ ಎಂದು ಅವಳ ಚಿಕ್ಕಪ್ಪನ ಮಗನನ್ನು ಫೋನಿನಲ್ಲಿ ಕೇಳಿದಳು. ನಿಮ್ಮೂರಿನ ಬಸ್ ನಿಲ್ದಾಣದ ಎದುರು, ಹಸಿರು ಬೋರ್ಡು, ನೊತಾರಿಯೊ ಎಂದು ಬರೆದಿದೆ ಅಂದ. ನದಿಯಾಚೆ ನೊತಾರಿಯೊ ಅಂದರೆ ವಕೀಲರಿಗಿಂತ ಒಂದು ಕೈ ಮೇಲಿನವನು. ಈಚೆ ದಂಡೆಯಲ್ಲಿ ಅವನು ಕಾಗದಕ್ಕೆ ಸೀಲು ಒತ್ತುವವನು ಮಾತ್ರ. ಆಚೆಯಿಂದ ಬಂದವರಿಗೆ ಇದು ಗೊತ್ತಿಲ್ಲ. ಗೊತ್ತಿಲ್ಲದಿರುವುದರ ಮೇಲೆಯೇ ಆ ಅಂಗಡಿ ನಿಂತಿತ್ತು.

ಹಸಿರು ಬೋರ್ಡಿನ ಅಂಗಡಿಯ ಬಾಲ್ದೆಮಾರ್ ಹೊವಿತಾಳಿಗೆ ಬೇರೆಯವನಲ್ಲ. ಹೆಂಡತಿ ಒಫೇಲಿಯಾಳ ಜೊತೆ ನೆರೈದಾಳ ದೀಕ್ಷಾಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು. ಆವತ್ತಿನಿಂದ ಅವರು ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ. ಒಡಹುಟ್ಟಿಗಿಂತ ಹೆಚ್ಚಿನ ನಂಟು. ಕೂಕೊಗೆ ಎದೆ ಆಪರೇಷನ್ ಆದಾಗ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಪಕ್ಕ ಬಿಡದೆ ಕೂತಿದ್ದವನೂ ಅವನೇ.

ಹೊವಿತಾ ಮಧ್ಯಾಹ್ನದ ಬಿಸಿಲಿನಲ್ಲಿ ಅವನ ಅಂಗಡಿಗೆ ನಡೆದುಕೊಂಡು ಹೋದಳು. ಒಳಗೆ ತಂಪು, ಗೋಡೆಯಲ್ಲಿ ಕನ್ಯಾಮಾತೆಯ ಪಟ, ಗಾಜಿನ ಬೋಗುಣಿಯಲ್ಲಿ ಮಿಠಾಯಿ. ಬಾಲ್ದೆಮಾರ್ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒತ್ತಿ ಯಾರದೋ ಅರ್ಜಿಯ ಹಾಳೆ ತಿರುವುತ್ತಿದ್ದ. ಪ್ರತಿ ಹಾಳೆಯ ಮೂಲೆಯಲ್ಲೂ ಒದ್ದೆಯ ಗುರುತು. ಅವಳನ್ನು ಕಂಡು ಎದ್ದುನಿಂತ.

"ಬನ್ನಿ ಕೊಮಾದ್ರೆ, ಬನ್ನಿ. ಇಂಥ ಬಿಸಿಲಲ್ಲಿ ಯಾಕೆ ನಡ್ಕೊಂಡ್ ಬಂದ್ರಿ, ಒಂದು ಫೋನ್ ಮಾಡಿದ್ರೆ ಒಫೇಲಿಯಾನ ಕಳಿಸ್ತಿದ್ನಲ್ಲ."

ಅವಳು ಎರಡು ಅರ್ಜಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಕತರೀನಾಳದು, ಇನ್ನೊಂದು ಆ ಗಂಡಸಿನದು. ಬಾಲ್ದೆಮಾರ್ ಕನ್ನಡಕ ಹಾಕಿಕೊಂಡು ಓದಿದ. ಬಸುರಿಯ ಜಾಗಕ್ಕೆ ಬಂದಾಗ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಟೈಪ್ ಮಾಡುವವಳಿಗೆ ಬುದ್ಧಿಯಿಲ್ಲ, ಹೆಸರು ಬದಲಾಯಿಸು ಅಂದರೆ ಹೆಸರನ್ನಷ್ಟೇ ಬದಲಾಯಿಸುತ್ತಾಳೆ ಎಂದ.

"ಅವನನ್ನ ವಾಪಸ್ ಕಳಿಸಿಬಿಟ್ರು" ಅಂದಳು ಹೊವಿತಾ.

"ಹೇಗಿದ್ರೂ ಕಳಿಸ್ತಿದ್ರು ಕೊಮಾದ್ರೆ. ಇಲ್ಲಿ ಗೆದ್ದೋರು ಎಷ್ಟು ಜನ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರೋರಿಗೆ ಒಂದು ಕಾಗದ ಕೈಯಲ್ಲಿರಬೇಕು. ಕಾಗದ ಇದ್ರೆ ರಾತ್ರಿ ನಿದ್ದೆ ಬರುತ್ತೆ. ನಾನು ಕೊಡೋದು ಅದನ್ನೇ."

"ನನಗೊಂದು ಕಾಗದ ಬೇಕು. ಈ ಕತೆ ಆ ಹುಡುಗಿ ಹೇಳಿದ್ದಲ್ಲ, ನಾನೇ ಬರೆದದ್ದು, ಅವಳಿಗೆ ಓದಿ ಹೇಳ್ಲಿಲ್ಲ ಅಂತ ಬರೆದು ಸಹಿ ಹಾಕಿ. ಅವಳು ಬದುಕ್ಕೊಳ್ತಾಳೆ."

ಬಾಲ್ದೆಮಾರ್ ಕನ್ನಡಕ ತೆಗೆದಿಟ್ಟ. ನಗು ಹೋಗಿತ್ತು. ಆದರೆ ದನಿ ಮೊದಲಿನಷ್ಟೇ ಮೆತ್ತಗಿತ್ತು.

"ಹದಿನೈದು ವರ್ಷ ಆ ದೊಡ್ಡೀಲಿ ಕೂತು ಸಾವಿರಾರು ಜನರನ್ನ ಸಾಗಹಾಕಿದ ಬಾಯಿ ಯಾರದು ಕೊಮಾದ್ರೆ? ನನ್ನ ಪೆನ್ನು ಹೊಲಸು, ನಿಮ್ಮ ನಾಲಿಗೆ ಮಾತ್ರ ತೀರ್ಥದಲ್ಲಿ ತೊಳೆದದ್ದಾ?"

ಅವನು ಹೇಳಿದ್ದು ನಿಜವೇ. ತನಗೆ ತಾನೇ ನೂರು ಸಲ ಹೇಳಿಕೊಂಡ ಮಾತು ಆ ಬಾಯಿಂದ ಬಂದಾಗ ಹೊವಿತಾಳಿಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಅವನೀಗ ಬೋಗುಣಿಯಿಂದ ಮಿಠಾಯಿಯೊಂದನ್ನು ತೆಗೆದು ಅವಳ ಮುಂದೆ ಹಿಡಿದ. ಹೆಬ್ಬೆರಳು ಇನ್ನೂ ಒದ್ದೆಯಾಗಿತ್ತು. ಅವಳು ಅರ್ಜಿಗಳನ್ನು ಮಡಚಿಕೊಂಡು ಹೊರಬಿದ್ದಳು. ಬಸ್ ನಿಲ್ದಾಣದ ಕಕ್ಕಸಿನಲ್ಲಿ ನಿಂತು ಕೈ ತೊಳೆದಳು, ಆ ಮಿಠಾಯಿಯನ್ನು ಮುಟ್ಟಿರದಿದ್ದರೂ.

ಪ್ರುವಿಟ್ ಕೇಳಿದ ಕೂಡಲೇ ದೂರು ಕೊಡೋಣ ಅಂದಳು. ಹೊವಿತಾ ಒಪ್ಪಲಿಲ್ಲ, ಸ್ವಲ್ಪ ಸಮಯ ಬೇಕೆಂದಳು. ನಾಲ್ಕು ಮಂಗಳವಾರ ದೊಡ್ಡಿಯ ಊಟದ ಹಾಲಿನಲ್ಲಿ ಪಾಠ ಮುಗಿದ ಮೇಲೆ, ಹಸಿರು ಬೋರ್ಡಿನ ಅಂಗಡಿಗೆ ಹೋದವರು ಯಾರಾದರೂ ಇದ್ದೀರಾ ಎಂದು ಕೇಳಿದಳು. ಮೊದಲ ವಾರ ಒಂದು ಕೈ ಎದ್ದಿತು. ನಾಲ್ಕನೆಯ ವಾರ ಮುಗಿಯುವಾಗ ಅವಳ ಚೀಲದಲ್ಲಿ ಕತರೀನಾಳದೂ ಆ ಗಂಡಸಿನದೂ ಸೇರಿ ಒಂಬತ್ತು ಅರ್ಜಿಗಳ ಪ್ರತಿಗಳಿದ್ದವು, ಅವರವರ ಒಪ್ಪಿಗೆಯಿಂದಲೇ ಪಡೆದವು. ಒಂಬತ್ತರಲ್ಲೂ ಒಂದೇ ಪಕ್ಷ, ಒಂದೇ ಏಟು, ಒಂದೇ ಕಾಗುಣಿತದ ತಪ್ಪು. ಒಬ್ಬನಂತೂ ಹೊಂಡುರಾಸಿನವನು, ಅವನನ್ನೂ ಗ್ವಾಟೆಮಾಲಾದ ರಾಜಧಾನಿಯಲ್ಲೇ ಹೊಡೆಸಿದ್ದರು.

ದೂರಿಗೆ ಸಹಿ ಹಾಕುವ ಮುಂಚಿನ ದಿನ ಕೂಕೊಗೆ ಹೇಳಿದಳು. ಅವನು ತಟ್ಟೆ ದೂರ ಸರಿಸಿದ.

"ಅವನು ನನ್ನ ಪಕ್ಕ ಕೂತಿದ್ದ. ಹನ್ನೊಂದು ದಿನ. ಅದನ್ನ ಮರೀಬೇಡ."

"ಮರೆತಿಲ್ಲ. ಅದಕ್ಕೇ ನಾಲ್ಕು ವಾರ ಬೇಕಾಯ್ತು."

ಕೂಕೊ ಒಂದು ವಾರ ತಾನೇ ಬಡಿಸಿಕೊಂಡು ಉಂಡ. ಎಂಟನೆಯ ದಿನ, ಹೆಂಡತಿಯ ಓಡಾಟದ ಕಾರಣಕ್ಕೆ ದೊಡ್ಡಿಯಲ್ಲಿ ತನ್ನನ್ನು ಒಳಗಿನ ಕೆಲಸದಿಂದ ತೆಗೆದು ಚಾವಣಿಯ ಮೇಲಿನ ಕೆಲಸಕ್ಕೆ ಹಾಕಿದ್ದಾರೆ ಎಂದ. ಬಿಸಿಲಿಗೆ ಅವನ ಕತ್ತು ಸುಲಿದಿತ್ತು. ಅವಳು ಮುಲಾಮು ಹಚ್ಚಿದಳು.

ಕತರೀನಾಳ ವಿಚಾರಣೆ ಬಂದದ್ದು ಅದೇ ನ್ಯಾಯಾಧೀಶನ ಮುಂದೆ. ಹೊವಿತಾ ಮಾಮ್ ದುಭಾಷಿ ಬೇಕೆಂದು ಬರೆದುಕೊಟ್ಟಿದ್ದಳು. ಮೊದಲ ಸಲ ಸ್ಪ್ಯಾನಿಷ್ ದುಭಾಷಿಯೇ ಬಂದು ಕೂತಿದ್ದ. ಎರಡನೆಯ ಸಲ ಫೋನಿನಲ್ಲಿ ಸಿಕ್ಕವನು ಬೇರೆ ಬೆಟ್ಟದ ಮಾಮ್ ಆಡುವವನು. ಹತ್ತರಲ್ಲಿ ಮೂರು ಮಾತು ಕತರೀನಾಳಿಗೆ ತಿಳಿಯಲಿಲ್ಲ. ಮೂರನೆಯ ಸಲವೂ ದುಭಾಷಿಯ ಮಾತು ಕತರೀನಾಳಿಗೆ ತಿಳಿಯುತ್ತಿಲ್ಲವೆಂದು ಹೊವಿತಾ ಎದ್ದು ನಿಂತಾಗ ಸರ್ಕಾರದ ಲಾಯರು, ಚಿಕ್ಕ ವಯಸ್ಸಿನವನು, ನಿಟ್ಟುಸಿರು ಬಿಟ್ಟು ಕುರ್ಚಿಗೊರಗಿದ. ನ್ಯಾಯಾಧೀಶ ಪೆನ್ನು ಕೆಳಗಿಟ್ಟ.

"ಮಿಸೆಸ್ ಸಾಂದೊವಾಲ್, ನೀವು ಇದೇ ಕೋಣೇಲಿ ಹದಿನೈದು ವರ್ಷ ಕೂತವರು. ಆಗ ಈ ತೊಂದರೆ ಇಷ್ಟು ಸಲ ಬರ್ತಿರಲಿಲ್ಲ."

"ಬರ್ತಿತ್ತು" ಅಂದಳು ಹೊವಿತಾ. "ನಾನು ಸುಮ್ಮನಿರ್ತಿದ್ದೆ. ನೀವೂ ಸುಮ್ಮನಿರ್ತಿದ್ರಿ."

ಗುಮಾಸ್ತೆ ಟೈಪ್ ಮಾಡುವುದನ್ನು ನಿಲ್ಲಿಸಿದಳು. ನ್ಯಾಯಾಧೀಶ ಅವಳನ್ನೊಮ್ಮೆ ನೋಡಿದ, ಕತರೀನಾಳನ್ನೊಮ್ಮೆ ನೋಡಿದ, ಆಮೇಲೆ ಕ್ಯಾಲೆಂಡರ್ ತಿರುವಿ ಒಂದು ಇಡೀ ಬೆಳಗನ್ನು ಈ ಒಂದೇ ಕೇಸಿಗೆ ಬರೆದ. ಆ ಹಳ್ಳಿಯ ಸೀಮೆಯ ಮಾಮ್ ಆಡುವವರೇ ಬರಬೇಕೆಂದು ಆಜ್ಞೆ ಮಾಡಿದ.

ಆ ಬೆಳಗಿನ ವಿಚಾರಣೆ ಮೂರೂವರೆ ಗಂಟೆ ಹೊತ್ತು ನಡೆಯಿತು. ಕತರೀನಾಳ ಬಾಯಿ ಅವತ್ತು ಬಿಚ್ಚಿತು. ಗಂಡ ಸತ್ತ ದಿನದಿಂದ ಹಿಡಿದು, ಸುಣ್ಣದ ನೀರಿನವರೆಗೆ, ಪೊಲೀಸ್ ಠಾಣೆಯಲ್ಲಿ ಸ್ಪ್ಯಾನಿಷ್ ಬರದವಳ ದೂರು ಬರೆಯುವುದಿಲ್ಲವೆಂದು ಅಟ್ಟಿದವರೆಗೆ, ನಿಲ್ಲಿಸದೆ ಹೇಳಿದಳು. ಸರ್ಕಾರದ ಲಾಯರು ಎದ್ದು, ಅರ್ಜಿಯಲ್ಲಿ ಆಣೆಯಿಟ್ಟು ಬರೆದದ್ದು ಒಂದು, ಈಗ ಹೇಳುವುದು ಇನ್ನೊಂದು ಎಂದ. ಹೊವಿತಾ ಒಂಬತ್ತು ಅರ್ಜಿಗಳನ್ನು ಒಂದರ ಪಕ್ಕ ಒಂದು ಹರವಿದಳು. ನ್ಯಾಯಾಧೀಶ ಒಂದೊಂದನ್ನೂ ಓದಿದ. ಓದುತ್ತ ಹೋದಂತೆ ಅವನ ಕಿವಿ ಕೆಂಪಾದವು; ಆ ಒಂಬತ್ತರಲ್ಲಿ ನಾಲ್ಕನ್ನು ಅವನೇ ಸುಳ್ಳೆಂದು ತೀರ್ಪು ಕೊಟ್ಟು ಮುಗಿಸಿದ್ದ. ಕಲೆಯನ್ನು ತೋರಿಸಬಹುದೇ ಎಂದು ಕೇಳಿದಾಗ ಕತರೀನಾ ಬೆನ್ನು ತಿರುಗಿಸಿ ಅಂಗಿಯ ಕತ್ತನ್ನು ಕೆಳಗೆಳೆದಳು. ನ್ಯಾಯಾಧೀಶ ನೋಡಿ ತಲೆ ತಗ್ಗಿಸಿದ. ಸರ್ಕಾರದ ಲಾಯರು ಆ ಹೊತ್ತಿನಲ್ಲಿ ಮೇಜಿನ ಕೆಳಗೆ ಫೋನಿನಲ್ಲಿ ಏನನ್ನೋ ಒತ್ತುತ್ತಿದ್ದುದು ಹೊವಿತಾಳ ಕಣ್ಣಿಗೆ ಬಿತ್ತು.

ಆಶ್ರಯ ಸಿಕ್ಕಿತು. ಸರ್ಕಾರ ಮೇಲಿನ ಕೋರ್ಟಿಗೆ ಹೋಗಲಿಲ್ಲ.

ದೊಡ್ಡಿಗೆ ಬಂದ ಹದಿಮೂರು ತಿಂಗಳ ಮೇಲೆ, ಒಂದು ಸಂಜೆ ಐದಕ್ಕೆ, ಕತರೀನಾಳನ್ನು ಬಲೆಯ ಚೀಲವೊಂದರ ಸಮೇತ ದೊಡ್ಡಿಯ ಗೇಟಿನ ಹೊರಗೆ ಬಿಟ್ಟರು. ಹೊವಿತಾ ಕಾರಿನಲ್ಲಿ ಕಾದಿದ್ದಳು. ಏನು ಬೇಕು ಎಂದು ಸನ್ನೆಯಲ್ಲಿ ಕೇಳಿದಳು. ಕತರೀನಾ ದಾರಿಬದಿಯ ಅಂಗಡಿಯಲ್ಲಿ ಪೇರಿಸಿದ್ದ ನಿಂಬೆಹಣ್ಣಿನ ಕಡೆ ಬೆರಳು ಮಾಡಿದಳು. ಆರು ಹಣ್ಣು, ಒಂದು ಪೊಟ್ಟಣ ಉಪ್ಪು. ಕಾರಿನಲ್ಲೇ ಕೂತು ಹಲ್ಲಿನಿಂದ ಕಚ್ಚಿ, ಉಪ್ಪು ಸವರಿ, ಕಣ್ಣು ಮುಚ್ಚಿ, ಗಲ್ಲದಿಂದ ರಸ ಸೋರಿಸಿಕೊಳ್ಳುತ್ತ ತಿಂದಳು. ತಾನು ಕಚ್ಚಿ ಬಿಟ್ಟ ಅರ್ಧ ಹೋಳನ್ನು ಹೊವಿತಾಳ ಕಡೆ ಚಾಚಿದಳು. ಹೊವಿತಾ ಒಂದು ಕ್ಷಣ ಆ ಹೋಳನ್ನು ನೋಡಿದಳು. ಆಮೇಲೆ ತೆಗೆದುಕೊಂಡು ಬಾಯಿಗಿಟ್ಟಳು. ಮೂರನೆಯ ದಿನ ಕತರೀನಾ ಬಸ್ಸು ಹತ್ತಿ ಅಲಬಾಮಾದಲ್ಲಿದ್ದ ಚಿಕ್ಕಪ್ಪನ ಮಗನ ಮನೆಗೆ ಹೋದಳು. ಅಲ್ಲಿ ಕೋಳಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ.

ಉಳಿದ ಎಂಟು ಜನರಲ್ಲಿ ಇಬ್ಬರ ಕೇಸುಗಳನ್ನು ಪ್ರುವಿಟ್ ಮತ್ತೆ ತೆರೆಸಿದಳು. ಆರು ಜನ ಅದಾಗಲೇ ಗಡಿಯಾಚೆ. ಅವರಲ್ಲಿ ನಾಲ್ವರ ವಿಳಾಸ ಸಿಕ್ಕಲೇ ಇಲ್ಲ. ಬಾಲ್ದೆಮಾರ್‌ನ ಅಂಗಡಿಗೆ ರಾಜ್ಯ ಸರ್ಕಾರದಿಂದ ನೋಟೀಸು ಬಂತು, ದಂಡ ಬಿತ್ತು, ಹಸಿರು ಬೋರ್ಡು ಇಳಿಯಿತು. ಆರು ವಾರದ ಮೇಲೆ ಇಪ್ಪತ್ತು ಮೈಲಿ ಆಚೆಯ ಊರಿನಲ್ಲಿ ಹೆಂಡತಿ ಒಫೇಲಿಯಾಳ ಹೆಸರಿನಲ್ಲಿ ಇನ್ನೊಂದು ಬೋರ್ಡು ಎದ್ದಿತು, ಈ ಸಲ ಹಳದಿ. ಹೊವಿತಾ ಹೋಗಿ ನೋಡಿ ಬಂದಳು. ಬಾಗಿಲಲ್ಲಿ ಏಳೆಂಟು ಜನ ಕಾಗದ ಹಿಡಿದು ಕಾಯುತ್ತಿದ್ದರು. ಎರಡನೆಯ ದೂರು ಬರೆದಳು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಇದಾದ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಪೂಜೆ ಮುಗಿದ ಮೇಲೆ, ಒಫೇಲಿಯಾ ಹೊವಿತಾಳ ಮನೆಗೆ ಬಂದಳು. ಕೈಯಲ್ಲಿ ಒಂದು ಚೌಕಟ್ಟಿನ ಫೋಟೊ: ಬಿಳಿ ಲಂಗದ ಕೂಸು ನೆರೈದಾ, ಎತ್ತಿಕೊಂಡ ಬಾಲ್ದೆಮಾರ್, ಪಕ್ಕದಲ್ಲಿ ಒಫೇಲಿಯಾ, ಕೂಕೊ, ಹೊವಿತಾ, ಎಲ್ಲರೂ ಚಿಕ್ಕ ವಯಸ್ಸಿನವರು. ಅದನ್ನು ಮೇಜಿನ ಮೇಲೆ ಕವಿಚಿ ಇಟ್ಟಳು. ಹೊವಿತಾ ಕೂರಲು ಕುರ್ಚಿ ಎಳೆದಳು, ದಾಲ್ಚಿನ್ನಿ ಹಾಕಿದ ಕಾಫಿಯನ್ನು ಬಗ್ಗಿಸಿ ಮುಂದಿಟ್ಟಳು. ಒಫೇಲಿಯಾ ಕೂರಲಿಲ್ಲ. ಲೋಟವನ್ನು ಒಂದು ಬೆರಳಿನ ತುದಿಯಿಂದ ಆಚೆ ತಳ್ಳಿದಳು.

"ಈ ಮನೇಲಿ ಬಾಯಿಗೆ ಏನಿಟ್ಕೊಳ್ಳೋಕೂ ಹೇಸಿಗೆ ಆಗುತ್ತೆ ನನಗೆ" ಎಂದಳು. "ತಿಂದ ಮನೆಗೆ ಎರಡು ಬಗೆದ ಬಾಯಿ ನಿಮ್ಮದು."

ಇಷ್ಟು ಹೇಳಿ ಹೊರಟುಹೋದಳು. ಹೊವಿತಾ ಬಾಗಿಲಲ್ಲಿ ನಿಂತು, ಅವಳ ಕ್ಯಾನ್ವಾಸ್ ಚಪ್ಪಲಿ ಧೂಳೆಬ್ಬಿಸುತ್ತ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಒಳಗೆ ಬಂದು, ಒಫೇಲಿಯಾ ತಳ್ಳಿದ ಕಾಫಿಯನ್ನು ಚೆಲ್ಲದೆ ನಿಂತುಕೊಂಡೇ ಕುಡಿದು ಮುಗಿಸಿದಳು. ಫೋಟೊವನ್ನು ಎತ್ತಿ ನೆರೈದಾಳ ಕೋಣೆಯಲ್ಲಿಟ್ಟಳು. ಆಮೇಲೆ ಮಂಗಳವಾರದ ಪಾಠದಲ್ಲಿ ಹಂಚಲೆಂದು ತಂದ ಕಾಗದದ ಕಟ್ಟನ್ನು ಬಿಚ್ಚಿ, ಪ್ರತಿ ಹಾಳೆಯ ತಲೆಯಲ್ಲಿ ಕೈಬರಹದಲ್ಲಿ, ಮಿಕಾಯೆಲಾ ಕಲಿಸಿಕೊಟ್ಟಿದ್ದ ಮಾಮ್ ವಾಕ್ಯವೊಂದನ್ನು ಬರೆಯತೊಡಗಿದಳು: ನಿಮಗೆ ಅರ್ಥವಾಗದಿದ್ದರೆ, ಇಲ್ಲ ಎನ್ನಿ.